ವಾಹನದ ಧೂಳು ತೆಗೆಯುವಿಕೆ (ಶಿವಮೊಗ್ಗ–ಭದ್ರಾವತಿ)

ಕಾರಿನ ಮೈಮೇಲೆ ಕೂತ ಧೂಳು, ಕೆಸರನ್ನು ಬಣ್ಣಕ್ಕೆ ಗೀರು ಬೀಳದ ಹಾಗೆ ತೆಗೆಯುವ ಕ್ರಮ. ಹಿಮ ಬೀಳುವ ದೇಶಗಳಲ್ಲಿ ಮಂಜುಗಡ್ಡೆ ಕೆರೆಯುವವರಿಗೆ ಇರುವ ಎಚ್ಚರವೇ ಸವಳಂಗ ರಸ್ತೆಯ ಬದಿ ಕಾರು ನಿಲ್ಲಿಸುವವರಿಗೂ ಬೇಕು. ಕರಗುವ ಹಂತದ ಮಂಜುಗಡ್ಡೆಯ ಗಡಸುತನ ಮೋಹ್ಸ್ ಮಾಪಕದಲ್ಲಿ ಸುಮಾರು 1.5 ಮಾತ್ರ. ಅದರೊಳಗೆ ಸಿಕ್ಕಿಕೊಂಡ ಮರಳನ್ನು ಒತ್ತಿ ಎಳೆದಾಗ ಗೀರು ಬೀಳುತ್ತದೆ. ಇಲ್ಲಿಯ ಕೆಂಧೂಳಿನ ಕಥೆಯೂ ಅಷ್ಟೇ. ಸುಮ್ಮನೆ ಕೂತ ಧೂಳಿಗಿಂತ ಅದನ್ನು ಒರೆಸುವ ಒಣ ಬಟ್ಟೆ ಹೆಚ್ಚು ಹಾನಿ ಮಾಡುತ್ತದೆ.

ಧೂಳಿನ ಸ್ವರೂಪ

ಮಲೆನಾಡಿನ ಅಂಚಿನ ಈ ಮಣ್ಣಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡುಗಳಿಂದ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಗುಡ್ಡದ ಹೆಸರೇ ಕೆಮ್ಮಣ್ಣುಗುಂಡಿ. ಇಂಥ ಮಣ್ಣಿನಲ್ಲಿ ಕೇಯೊಲಿನೈಟ್ ಜೇಡಿ ಮೆತ್ತನೆಯದು, ಗಡಸುತನ 2ರಿಂದ 2.5. ಹೆಮಟೈಟ್ 5ರಿಂದ 6ರ ಆಸುಪಾಸು. ಜಲ್ಲಿ, ಮರಳಿನಿಂದ ರಸ್ತೆಗೆ ಬೀಳುವ ಬೆಣಚುಕಲ್ಲಿನ ಪುಡಿ 7. ಬೆರಳಿಗೆ ಹಿಟ್ಟಿನಂತೆ ನುಣ್ಣಗೆ ತಾಗುವ ಧೂಳಿನಲ್ಲೂ ಈ ಗಟ್ಟಿ ಹರಳುಗಳು ಇರಬಹುದಾದ್ದರಿಂದ ಕೈಯ ಅಂದಾಜನ್ನು ನಂಬುವಂತಿಲ್ಲ.

ಬಣ್ಣದ ಪದರಗಳು

ಮೋಟಾರು ಯುಗದ ಮೊದಲ ದಶಕಗಳಲ್ಲಿ ಕಾರಿಗೆ ಸಾರೋಟಿನಂತೆಯೇ ಎಣ್ಣೆ ವಾರ್ನಿಷ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಭದ್ರಾವತಿಯ ಕುಲುಮೆ ಉರಿಯತೊಡಗಿದ ವರ್ಷವೇ, ಅಂದರೆ 1923ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಹಾಕಿತು. ಕೆಲವೇ ಗಂಟೆಗಳಲ್ಲಿ ಒಣಗುತ್ತಿದ್ದ ಈ ಬಣ್ಣದ ಹೆಸರು ನಮ್ಮ ಬಣ್ಣದಂಗಡಿಗಳಲ್ಲಿ ‘ಡ್ಯೂಕೊ ಪೇಂಟ್’ ಎಂದು ಉಳಿದುಕೊಂಡಿದೆ. ಅಂಥ ಹಳೆಯ ಲೇಪಗಳಲ್ಲಿ ಮೇಲಿನ ಪದರವೇ ಬಣ್ಣ. ಸವೆದರೆ ಪಾಲಿಶ್ ಮಾಡಿ ಹೊಳಪು ಮರಳಿಸಬಹುದಿತ್ತು. 1980ರ ದಶಕದಲ್ಲಿ ವ್ಯಾಪಕವಾದ ಪದ್ಧತಿಯಲ್ಲಿ ತುಕ್ಕು ತಡೆಯುವ ವಿದ್ಯುಲ್ಲೇಪ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಸುಮಾರು 40, ಸಾಮಾನ್ಯವಾಗಿ ಒಂದು ತಲೆಗೂದಲಿಗಿಂತಲೂ ತೆಳು. ಕಪ್ಪು ಬಾನೆಟ್‌ನ ಮೇಲೆ ಇಳಿಬಿಸಿಲು ಬಿದ್ದಾಗ ಜೇಡರ ಬಲೆಯಂತೆ ಕಾಣುವ ಸುತ್ತುಗೆರೆಗಳು ಬಹುಮಟ್ಟಿಗೆ ಈ ಪದರದಲ್ಲೇ ಇರುತ್ತವೆ. ಪಾಲಿಶ್ ಅವನ್ನು ತುಂಬಿಸುವುದಿಲ್ಲ. ಸುತ್ತಲ ಪದರವನ್ನು ತೇದು ಮಟ್ಟ ಮಾಡುತ್ತದೆ. ಹಾಗಾಗಿ ಪ್ರತಿ ಪಾಲಿಶ್ ಇರುವ ಬಂಡವಾಳವನ್ನೇ ಕರಗಿಸುತ್ತದೆ.

ಕ್ರಮ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾಡಿ ಆರಿದ ಮೇಲೆ ಮೇಲಿನಿಂದ ಕೆಳಕ್ಕೆ ನೀರು ಹರಿಸಬೇಕು. ಸಡಿಲ ಕಣಗಳೆಲ್ಲ ಕೈ ತಾಗುವ ಮೊದಲೇ ಇಳಿದು ಹೋಗಬೇಕು. ಆಮೇಲೆ ಕಾರ್ ಶಾಂಪೂ, ಎರಡು ಬಕೆಟ್: ಒಂದರಲ್ಲಿ ನೊರೆ, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಒತ್ತದೆ, ನೇರ ಗೆರೆಯಲ್ಲಿ ಎಳೆಯಬೇಕು. ಚಕ್ರದ ಸುತ್ತಲಿನ ಭಾಗ ಕೊನೆಗೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಮುಟ್ಟಿಸಬಾರದು. ಗಡಸಾದ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುವುದರಿಂದ ಕೂಡಲೇ ನೀರು ಹೀರಿಸಬೇಕು. ಬ್ರೇಕು, ಗ್ರೈಂಡಿಂಗ್ ಕೆಲಸಗಳಿಂದ ಸಿಡಿದು ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣ ತುಕ್ಕಿನ ಚುಕ್ಕೆಯಾಗುತ್ತದೆ. ಅದಕ್ಕೆ ಉಗುರು ಹಾಕದೆ ಥಯೋಗ್ಲೈಕೊಲೇಟ್ ಇರುವ ದ್ರಾವಣ ಬಳಸಬೇಕು. ಅದು ಕಬ್ಬಿಣ ಸಿಕ್ಕಲ್ಲಿ ನೇರಳೆಗೆ ತಿರುಗಿ ಕಣವನ್ನು ಸಡಿಲಿಸುತ್ತದೆ.

ಆಕ್ಷೇಪಗಳು

ವಾಟರ್ ಸರ್ವಿಸ್‌ನಲ್ಲಿ ರಭಸದ ನೀರು ಹೊಡೆಸಿದರೆ ಸಾಲದೇ ಎಂಬುದು ಒಂದು ವಾದ. ಅದು ದಪ್ಪ ಕೆಸರನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಅಂಟಿದ ತೆಳುಪೊರೆ ಬಹುಪಾಲು ಉಳಿಯುತ್ತದೆ. ಹಲವು ಕಾರುಗಳಿಗೆ ತಿರುಗಿಸಿದ ಬಟ್ಟೆಯಿಂದ ಕೊನೆಗೆ ಒರೆಸಿದರೆ ಗಳಿಸಿದ್ದೂ ಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಿರುವಾಗ ಕಾರಿಗೆ ನೀರೇ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಪೈಪು ಬಿಟ್ಟು ತೊಳೆಯುವುದು ಖಂಡಿತ ಸಲ್ಲದು. ಕೈಪಂಪಿನ ಸ್ಪ್ರೇಯರ್ ಜೊತೆಗೆ ಎರಡು ಬಕೆಟ್ ನೀರಿನಲ್ಲಿ ಮೇಲಿನ ಕ್ರಮ ನಡೆಯುತ್ತದೆ. ಅಷ್ಟೂ ಇಲ್ಲದ ದಿನ ಗಾಜು, ದೀಪ, ನಂಬರ್ ಪ್ಲೇಟ್‌ಗಳನ್ನಷ್ಟೇ ಒದ್ದೆ ಮಾಡಿ ಒರೆಸಿ, ಹಕ್ಕಿಯ ಹಿಕ್ಕೆಯಿದ್ದರೆ ನೆನೆಸಿ ತೆಗೆದು, ಉಳಿದ ಧೂಳನ್ನು ಮುಟ್ಟದೆ ಬಿಡುವುದೇ ಸರಿ. ಧೂಳು ಹೊತ್ತ ಕಾರು ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಅದು ನೀರು ಸಿಕ್ಕ ದಿನ ಹೋಗುತ್ತದೆ, ಒಣಬಟ್ಟೆಯ ಗೀರು ಹೋಗುವುದಿಲ್ಲ.