ಟೀಪಾಟ್ ಡೋಮ್: ಗುತ್ತಿಗೆಯೂ ಮೇಲ್ವಿಚಾರಣೆಯೂ

ಅಮೆರಿಕದ ಸಾರ್ವಜನಿಕ ಭೂಮಿಯಲ್ಲಿ ತೈಲ ಕಂಡವನೇ ಅದಕ್ಕೆ ಹಕ್ಕುದಾರನಾಗುವ ಪದ್ಧತಿ ಬಹುಕಾಲ ನಡೆದು ಬಂದಿತ್ತು. 1920ರ ಫೆಬ್ರವರಿಯ ಖನಿಜ ಗುತ್ತಿಗೆ ಕಾಯಿದೆ ಇದನ್ನು ಬದಲಿಸಿತು. ಭೂಮಿಯ ಒಡೆತನ ಸರ್ಕಾರದಲ್ಲಿಯೇ ಉಳಿಯಿತು. ತೈಲವಿದೆಯೆಂದು ಗೊತ್ತಿರುವ ಕ್ಷೇತ್ರಗಳಿಗೆ ಸ್ಪರ್ಧಾತ್ಮಕ ಹರಾಜು ಕಡ್ಡಾಯವಾಯಿತು. ಉತ್ಪನ್ನದ ಎಂಟನೆಯ ಒಂದು ಭಾಗವಾದರೂ ರಾಜಧನವಾಗಿ ಸಲ್ಲಬೇಕಾಯಿತು.

ಆದರೆ ಯುದ್ಧನೌಕೆಗಳ ಇಂಧನಕ್ಕೆಂದು ಕಾದಿರಿಸಿದ್ದ ಕ್ಷೇತ್ರಗಳು ಈ ಕಟ್ಟಳೆಯ ಹೊರಗಿದ್ದವು. ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್, ವಯೋಮಿಂಗಿನ ಟೀಪಾಟ್ ಡೋಮ್ ಅಂಥವು. ಅದೇ ವರ್ಷದ ಜೂನ್ ತಿಂಗಳ ಇನ್ನೊಂದು ಶಾಸನ ಅವುಗಳನ್ನು ನೌಕಾ ಕಾರ್ಯದರ್ಶಿಯ ವಿವೇಚನೆಗೆ ಬಿಟ್ಟಿತ್ತು. 1921ರ ಮೇ 31ರಂದು ಅಧ್ಯಕ್ಷ ಹಾರ್ಡಿಂಗ್ ಅವರ ಆಜ್ಞೆಯಿಂದ ಆ ಅಧಿಕಾರ ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿ ಆಲ್ಬರ್ಟ್ ಫಾಲ್ ಅವರ ಕೈಸೇರಿತು. (ಅಲ್ಲಿ ಇಂಟೀರಿಯರ್ ಎಂದರೆ ನಮ್ಮ ಗೃಹ ಖಾತೆಯಲ್ಲ, ಭೂಮಿ ಮತ್ತು ಖನಿಜಗಳ ಇಲಾಖೆ.) ಕಾವಲಿಗೆ ನೇಮಕಗೊಂಡಿದ್ದ ನೌಕಾ ಕಾರ್ಯದರ್ಶಿ ಡೆನ್ಬಿ ಇದಕ್ಕೆ ಒಪ್ಪಿದ್ದರು. 1922ರ ಏಪ್ರಿಲಿನಲ್ಲಿ ಟೀಪಾಟ್ ಡೋಮ್ ಹರಾಜಿಲ್ಲದೆ, ಗುಟ್ಟಾಗಿ ಹ್ಯಾರಿ ಸಿಂಕ್ಲೇರ್ ಅವರ ಕಂಪನಿಗೆ ಸಂದಿತು. ಎಲ್ಕ್ ಹಿಲ್ಸ್ ಎಡ್ವರ್ಡ್ ಡೊಹೆನಿ ಅವರ ಪಾಲಾಯಿತು.

ಗುಟ್ಟು ಒಂದು ವಾರದಲ್ಲೇ ಪತ್ರಿಕೆಗೆ ಬಂದಿತು. ಸೆನೆಟಿನ ವಿಚಾರಣೆಗೆ ಇಲಾಖೆ ರಾಶಿಗಟ್ಟಲೆ ಕಡತಗಳನ್ನು ಕಳುಹಿಸಿಕೊಟ್ಟಿತು. ಅವನ್ನು ಬಿಡದೆ ಓದಿದವರು ಮೊಂಟಾನಾದ ಸೆನೆಟರ್ ಥಾಮಸ್ ವಾಲ್ಶ್. ಸುಳಿವು ದೊರೆತದ್ದು ಮಾತ್ರ ಕಡತದಲ್ಲಲ್ಲ, ನ್ಯೂ ಮೆಕ್ಸಿಕೋದಲ್ಲಿದ್ದ ಫಾಲ್ ಅವರ ಜಾನುವಾರು ಫಾರಂನಲ್ಲಿ. ವರ್ಷಗಟ್ಟಲೆ ಬಾಕಿಯಿದ್ದ ತೆರಿಗೆ ಏಕಾಏಕಿ ತೀರಿತ್ತು, ಜಮೀನೂ ಹಿಗ್ಗಿತ್ತು. ಒಬ್ಬ ಪತ್ರಿಕಾ ಮಾಲೀಕರಿಂದ ಪಡೆದ ಸಾಲವೆಂದು ಫಾಲ್ ಹೇಳಿದರು. ವಾಲ್ಶ್ ಫ್ಲಾರಿಡಾಕ್ಕೆ ಹೋಗಿ ಕೇಳಿದಾಗ ಆತ ಅಲ್ಲಗಳೆದರು. 1924ರ ಜನವರಿಯಲ್ಲಿ ಡೊಹೆನಿ ಬಾಯಿಬಿಟ್ಟರು: ಒಂದು ಲಕ್ಷ ಡಾಲರ್ ನಗದನ್ನು ತಮ್ಮ ಮಗನ ಕೈಯಲ್ಲಿ ಚೀಲದಲ್ಲಿಟ್ಟು ಕಳುಹಿಸಿದ್ದರಂತೆ, ಅದೂ ಹಳೆಯ ಗೆಳೆಯನಿಗೆ ಕೊಟ್ಟ ಸಾಲವಂತೆ!

ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಎರಡೂ ಕ್ಷೇತ್ರಗಳ ಗುತ್ತಿಗೆಗಳನ್ನು ರದ್ದುಗೊಳಿಸಿತು. ಡೆನ್ಬಿ ಅವರು ವ್ಯವಹಾರದಲ್ಲಿ ಕ್ರಿಯಾಶೀಲರಾಗಿರಲಿಲ್ಲವೆಂದೂ ಎಲ್ಲವನ್ನೂ ನಡೆಸಿದವರು ಫಾಲ್ ಎಂದೂ ಅದು ಕಂಡುಕೊಂಡಿತು. ಡೆನ್ಬಿ ಅವರ ಮೇಲೆ ಲಂಚದ ಕಳಂಕವೇನೂ ಇರಲಿಲ್ಲ. ಆದರೆ ಕಾಯುವವನು ಕಣ್ಣುಮುಚ್ಚಿದರೆ ಸಾಕು, ಕಳ್ಳನಿಗೆ ಬೇರೆ ಸಹಾಯ ಬೇಕಿಲ್ಲ. ಅದೇ ವರ್ಷ ಮತ್ತೊಂದು ಪ್ರಕರಣದಲ್ಲಿ, ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರ ಕಾಂಗ್ರೆಸ್ಸಿಗೆ ಇದೆಯೆಂದೂ ತೀರ್ಪಾಯಿತು.

ಲಂಚ ಪಡೆದ ಅಪರಾಧಕ್ಕೆ 1929ರಲ್ಲಿ ಫಾಲ್ ಶಿಕ್ಷೆಗೊಳಗಾಗಿ ಬಳಿಕ ಸೆರೆಮನೆ ಸೇರಿದರು. ಅದೇ ಲಂಚವನ್ನು ಕೊಟ್ಟ ಆರೋಪದಿಂದ 1930ರಲ್ಲಿ ಡೊಹೆನಿ ಖುಲಾಸೆಯಾದರು.