ನೂಲಿನಿಂದ ಹಳಿಗೆ: ಮರವನ್ನು ನೇರವಾಗಿ ಕೊಯ್ಯುವ ವಿದ್ಯೆಯ ಬೆಳವಣಿಗೆ

ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಬಯಲುಸೀಮೆಯ ಊರುಗಳಲ್ಲಿ ಬಡಗಿಯ ಕೆಲಸವೆಂದರೆ ಬಹುಕಾಲದವರೆಗೆ ನೇಗಿಲು, ಕುಂಟೆ, ಕೂರಿಗೆ, ಗಾಡಿಯ ಗಾಲಿ, ಮನೆಯ ತೊಲೆ, ಬಾಗಿಲವಾಡ ಇವುಗಳೇ ಆಗಿದ್ದುವು. ಇವುಗಳಲ್ಲಿ ಬಹುಪಾಲು ಕರಿಜಾಲಿ, ಬೇವು ಮೊದಲಾದ ಮರಗಳನ್ನು ಬಾಚಿಯಿಂದ ಕೆತ್ತಿ, ಉಳಿಯಿಂದ ತೂತು ತೋಡಿ, ಕಣ್ಣಳತೆಯಿಂದ ತಿದ್ದಿ ಮಾಡತಕ್ಕವು. ಮರದ ಸ್ವಭಾವವನ್ನರಿತ ಕೈಗೆ ಅಂಚು ಎಂಟು ಅಡಿಯುದ್ದಕ್ಕೂ ಕೂದಲೆಳೆಯಷ್ಟೂ ಓರೆಯಾಗದೆ ಇರಬೇಕೆಂಬ ನಿರ್ಬಂಧ ವಿರಳವಾಗಿ ಒದಗುತ್ತಿತ್ತು. ಇಂದು ಅದೇ ಬಡಗಿಯ ಮುಂದೆ ದಾವಣಗೆರೆಯ ಅಂಗಡಿಯಿಂದ ಬಂದ ಎಂಟಡಿ-ನಾಲ್ಕಡಿಯ ಪ್ಲೈವುಡ್ ಶೀಟು ಬಿದ್ದಿರುತ್ತದೆ. ಅದನ್ನು ಸೀಳಿ ಅಡುಗೆಮನೆಯ ಕಪಾಟನ್ನೋ ಬಟ್ಟೆಯ ಬೀರುವನ್ನೋ ಕೂಡಿಸಬೇಕಾದರೆ, ಒಂದಕ್ಕೊಂದು ತಾಗುವ ಅಂಚುಗಳು ಸರಳರೇಖೆಯಲ್ಲಿಯೇ ಇರಬೇಕಾಗುತ್ತದೆ. ಹೊರದೇಶಗಳಲ್ಲಿ ಹುಟ್ಟಿ ಈಗ ನಮ್ಮ ಪೇಟೆಗಳಿಗೂ ಬಂದಿರುವ ಹಳಿಗರಗಸವೆಂಬ ಯಂತ್ರ, ಎಂದರೆ ಟ್ರ್ಯಾಕ್ ಸಾ, ಈ ಅಗತ್ಯದಿಂದಲೇ ಬೆಳೆದು ಬಂದುದು. ಅದರ ಚರಿತ್ರೆಯನ್ನು ಅವಲೋಕಿಸಿದರೆ ನನಗೆ ದೃಢವಾಗಿ ತೋರುವ ಸಂಗತಿ ಒಂದು: ಕೊಯ್ತದ ನೇರತನವು ಹಲ್ಲಿನ ಚಕ್ರಕ್ಕಿಂತ, ಆ ಚಕ್ರವನ್ನು ಗೆರೆಯ ಮೇಲೆ ಹಿಡಿದಿಡುವ ವಸ್ತುವಿಗೇ ಹೆಚ್ಚು ಋಣಿಯಾಗಿದೆ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶಿಲ್ಪಶಾಸ್ತ್ರದ ಗ್ರಂಥಗಳು ಎಣಿಸುವ ಎಂಟು ಸೂತ್ರಗಳಲ್ಲಿ, ಎಂದರೆ ಅಳತೆಯ ಸಾಧನಗಳಲ್ಲಿ, ದೃಷ್ಟಿ, ಅಳತೆಗೋಲು, ಮುಂಜಹುಲ್ಲಿನ ಹಗ್ಗ, ಹತ್ತಿಯ ನೂಲು, ತೂಗುಗುಂಡು, ಮೂಲೆಮಟ್ಟ, ಸಮಮಟ್ಟ, ಕೈವಾರಗಳಿವೆಯೇ ಹೊರತು ಕತ್ತರಿಸುವ ಆಯುಧ ಒಂದೂ ಇಲ್ಲ. ದಿಮ್ಮಿಯನ್ನು ಹಲಗೆಯಾಗಿ ಸೀಳುವಾಗ, ಜಾಜು ಕಲಸಿದ ನೀರಿನಲ್ಲಿ ಅದ್ದಿದ ನೂಲನ್ನು ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎರಡು ಬೆರಳಿನಿಂದ ನೆಟ್ಟಗೆ ಮೇಲಕ್ಕೆತ್ತಿ ಬಿಟ್ಟರೆ, ಮರದ ಮೇಲೆ ಕೆಂಪು ಗೆರೆಯೊಂದು ಮೂಡುತ್ತಿತ್ತು. ಬೆರಳು ಎಳ್ಳಷ್ಟು ಪಕ್ಕಕ್ಕೆ ಎಳೆದರೂ ಗೆರೆ ಬಾಗುತ್ತಿತ್ತು. ಅಟ್ಟಣೆಯ ಮೇಲೊಬ್ಬನೂ ಕೆಳಗೊಬ್ಬನೂ ನಿಂತು ಎಳೆಯುವ ದೊಡ್ಡ ಗರಗಸದಲ್ಲಿ, ಮೇಲಿನವನು ಆ ಗೆರೆಯಿಂದ ಕಣ್ಣು ಕೀಳದೆ ದಾರಿ ತೋರಿಸಿದರೆ ಕೆಳಗಿನವನು ಬಲವನ್ನು ಕೊಡುತ್ತಿದ್ದನು. ಗೆರೆಯನ್ನು ಎಳೆಯುವುದು ನೂಲು, ಅದರಂತೆ ನಡೆಸುವುದು ಕಣ್ಣು. ಇವೆರಡರ ನಡುವಣ ಅಂತರವೇ ಕೊಯ್ತದ ದೋಷವಾಗಿ ಪರಿಣಮಿಸುತ್ತಿತ್ತು.

ಯಂತ್ರಯುಗವು ಮೊದಲು ಬಲದ ಪ್ರಶ್ನೆಯನ್ನು ಬಗೆಹರಿಸಿತು. ಇಂಗ್ಲೆಂಡಿನಲ್ಲಿ 1777ರಲ್ಲಿ ಸ್ಯಾಮ್ಯುಯೆಲ್ ಮಿಲ್ಲರನು ಪಡೆದ ಪೇಟೆಂಟಿನಲ್ಲಿ ಚಕ್ರಗರಗಸದ ಉಲ್ಲೇಖವಿದೆ; ಮುಂದಿನ ಶತಮಾನದಲ್ಲಿ ಅದು ಸಾಮಿಲ್ಲುಗಳ ಮುಖ್ಯ ಸಾಧನವಾಯಿತು. ಜರ್ಮನಿಯ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫನು 1906ರಲ್ಲಿ ಜಾರುವ ಮೇಜಿನ ಗರಗಸವನ್ನು ನಿರ್ಮಿಸಿ, ಹಲಗೆಯನ್ನೇ ಮೇಜಿನೊಡನೆ ಸರಳರೇಖೆಯಲ್ಲಿ ಚಲಿಸುವಂತೆ ಮಾಡಿದನು. ಇಂದಿಗೂ ದೊಡ್ಡ ಕಾರ್ಖಾನೆಗಳು ಅದೇ ತತ್ತ್ವವನ್ನು ಅನುಸರಿಸುತ್ತಿವೆ. ಆದರೆ ಇವೆಲ್ಲ ನೆಲಕ್ಕೆ ನೆಟ್ಟ ಯಂತ್ರಗಳು. ಮರವೇ ಅವುಗಳ ಬಳಿಗೆ ಹೋಗಬೇಕು. ಅಮೆರಿಕದಲ್ಲಿ ಎಡ್ಮಂಡ್ ಮಿಶೆಲನು 1924ರ ವೇಳೆಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಚಕ್ರಗರಗಸವನ್ನು ರೂಪಿಸಿದ ಮೇಲೆ, 1937ರ ಸ್ಕಿಲ್ ಸಂಸ್ಥೆಯ 77ನೆಯ ಮಾದರಿಯಂತಹವು ಪ್ರಸಿದ್ಧವಾಗಿ, ಗರಗಸವು ಮರದ ಬಳಿಗೆ ಹೋಗತೊಡಗಿತು. ಇಲ್ಲಿ ಒಂದು ಲಾಭವೂ ಒಂದು ನಷ್ಟವೂ ಏಕಕಾಲದಲ್ಲಿ ಸಂಭವಿಸಿದುವು. ಬಲ ಕೈಗೆ ಬಂದಿತು. ಆದರೆ ಮೇಜು ಕೊಡುತ್ತಿದ್ದ ದಿಕ್ಕು ಹೋಯಿತು. ಬಡಗಿಯು ಪುನಃ ತನ್ನ ಕಣ್ಣನ್ನೇ ನಂಬಬೇಕಾಯಿತು, ಅದೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರವನ್ನು ಹಿಡಿದುಕೊಂಡು.

ಇದಕ್ಕೆ ಎಲ್ಲ ದೇಶಗಳ ಬಡಗಿಗಳೂ ಕಂಡುಕೊಂಡ ಮೊದಲ ಪರಿಹಾರವೆಂದರೆ, ನೆಟ್ಟಗಿರುವ ಪಟ್ಟಿಯೊಂದನ್ನು ಹಲಗೆಯ ಮೇಲೆ ಬಿಗಿದು, ಗರಗಸದ ಅಡಿತಟ್ಟೆಯನ್ನು ಅದಕ್ಕೆ ಒತ್ತಿಕೊಂಡು ನಡೆಸುವುದು. ಉಪಾಯ ಒಳ್ಳೆಯದೇ, ಆದರೆ ತಟ್ಟೆಯ ಅಂಚಿಗೂ ಚಕ್ರದ ಹಲ್ಲಿಗೂ ಇರುವ ದೂರವನ್ನು ಪ್ರತಿಯೊಂದು ಕೊಯ್ತಕ್ಕೂ ಲೆಕ್ಕಹಾಕಿ ಪಟ್ಟಿಯನ್ನು ಹಿಂದೆ ಸರಿಸಿ ಕಟ್ಟಬೇಕು. ಒತ್ತಡ ತುಸು ಸಡಿಲಿದರೆ ಗರಗಸವು ಪಟ್ಟಿಯಿಂದ ಆಚೆಗೆ ಸರಿಯುತ್ತದೆ, ತಡೆಯುವವರಿಲ್ಲ. ಅಲ್ಲದೆ ಚಕ್ರದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತ ಕೊಯ್ಯುವುದರಿಂದ ಮೇಲ್ಮೈಯ ನಾರು ಸಿಬಿರೆದ್ದು ಕಿತ್ತು ಬರುತ್ತದೆ. ಸನ್‌ಮೈಕಾ ಅಂಟಿಸಿದ ಹಲಗೆಯಲ್ಲಿ ಈ ದೋಷ ಎಷ್ಟು ಕಣ್ಣಿಗೆ ಹೊಡೆಯುತ್ತದೆಂಬುದನ್ನು ಬೀರು ಮಾಡಿಸಿದವರೆಲ್ಲ ಬಲ್ಲರು.

ಈ ಮೂರು ದೋಷಗಳನ್ನೂ ಒಮ್ಮೆಗೇ ನೀಗಿದ ಸಾಧನ ಜರ್ಮನಿಯಲ್ಲಿ ಹುಟ್ಟಿತು. ಗಾಟ್ಲಿಬ್ ಸ್ಟೋಲ್ ಮತ್ತು ಆಲ್ಬರ್ಟ್ ಫೆಜರ್ ಎಂಬಿಬ್ಬರು 1925ರಲ್ಲಿ ಸ್ಥಾಪಿಸಿದ ಸಂಸ್ಥೆ, ಇಂದು ಫೆಸ್ಟೂಲ್ ಎಂಬ ಹೆಸರಿನಿಂದ ಪ್ರಖ್ಯಾತವಾದುದು, 1960ರ ದಶಕದ ಪೂರ್ವಾರ್ಧದಲ್ಲಿ ಗರಗಸಕ್ಕೆ ಅಲ್ಯೂಮಿನಿಯಮ್ಮಿನ ಹಳಿಯನ್ನು ಒದಗಿಸಿತು. ಹಳಿಯ ಬೆನ್ನಿನ ಮೇಲೆ ಉದ್ದಕ್ಕೂ ಒಂದು ಏಣು. ಗರಗಸದ ಅಡಿತಟ್ಟೆಯಲ್ಲಿ ಅದಕ್ಕೆ ಸರಿಹೊಂದುವ ತೋಡು. ಏಣು ತೋಡಿನೊಳಗೆ ಕುಳಿತಮೇಲೆ ಗರಗಸವು ಎಡಕ್ಕಾಗಲಿ ಬಲಕ್ಕಾಗಲಿ ಸರಿಯಲಾರದು. ಹಳಿಯ ಅಂಚಿಗೆ ಅಂಟಿಸಿದ ಮೃದುವಾದ ಪಟ್ಟಿಯೊಂದಿರುತ್ತದೆ. ಹೊಸದಾಗಿ ಬಂದಾಗ ಅದು ಅಗತ್ಯಕ್ಕಿಂತ ತುಸು ಅಗಲವಾಗಿರುತ್ತದೆ. ಮೊದಲ ಕೊಯ್ತದಲ್ಲಿ ಗರಗಸವು ಆ ಪಟ್ಟಿಯನ್ನೇ ಸವರಿಕೊಂಡು ಹೋಗುತ್ತದೆ. ಅಂದಿನಿಂದ ಆ ಅಂಚೇ ಕೊಯ್ತದ ಗೆರೆ. ಪೆನ್ಸಿಲ್ಲಿನ ಗುರುತಿಗೆ ಅಂಚನ್ನು ತಾಗಿಸಿದರೆ ಸಾಕು, ಲೆಕ್ಕ ಬೇಡ. ಅದೇ ಪಟ್ಟಿ ನಾರನ್ನು ಒತ್ತಿ ಹಿಡಿಯುವುದರಿಂದ ಸಿಬಿರೂ ಏಳದು. ಮುಂದೆ ಚಕ್ರವನ್ನು ಮೇಲಿನಿಂದ ಒತ್ತಿ ಇಳಿಸುವ ವ್ಯವಸ್ಥೆ ಸೇರಿದುದರಿಂದ, ಹಲಗೆಯ ನಡುವೆಯೇ ಕೊಯ್ತವನ್ನು ಆರಂಭಿಸುವುದೂ ಸಾಧ್ಯವಾಯಿತು. ಈ ವಿದ್ಯೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಯನ್ನು ನಾನು ಕಾಣೆ. ಅನಂತರ ಬಂದುದೆಲ್ಲ ಇದರ ಪರಿಷ್ಕರಣವೇ.

ಆ ಪರಿಷ್ಕರಣಗಳಲ್ಲಿ ತಾರತಮ್ಯವಿಲ್ಲದೆ ಇಲ್ಲ. ಫೆಸ್ಟೂಲಿನ ಟಿಎಸ್ 55 ಎಂಬುದು 160 ಮಿ.ಮೀ. ಚಕ್ರದಿಂದ 55 ಮಿ.ಮೀ. ಆಳ ಕೊಯ್ಯುತ್ತದೆ. ಜಪಾನಿನ ಮಕೀಟಾದ ಎಸ್‌ಪಿ 6000ಕ್ಕೆ 165 ಮಿ.ಮೀ. ಚಕ್ರವಿದ್ದು, ಮೊದಲು ಬರಿಯ 2-3 ಮಿ.ಮೀ. ಆಳಕ್ಕೆ ಗೀರಿಕೊಳ್ಳಲು ಒಂದು ತಡೆಯನ್ನು ಅಳವಡಿಸಿದ್ದಾರೆ. ಓರೆ ಕೊಯ್ತದಲ್ಲಿ ಗರಗಸವು ಮಗುಚದಂತೆ ಹಳಿಯನ್ನು ಹಿಡಿಯುವ ಕೊಕ್ಕೆಯೂ ಇದೆ. ಈ ಎರಡು ಸಂಸ್ಥೆಗಳ ಗರಗಸಗಳು ಪರಸ್ಪರರ ಹಳಿಗಳ ಮೇಲೆ ಓಡುತ್ತವೆಂಬುದು ಕೊಳ್ಳುವವರಿಗೆ ದೊಡ್ಡ ಅನುಕೂಲ. ಡಿವಾಲ್ಟ್ ಸಂಸ್ಥೆಯ ಹಳಿಗೆ ಎರಡು ಪಕ್ಕಗಳಲ್ಲಿಯೂ ಕೊಯ್ತದ ಅಂಚುಂಟು. ಇಕ್ಕಟ್ಟಾದ ಕೋಣೆಯಲ್ಲಿ ಹಳಿಯನ್ನು ತಿರುಗಿಸದೆ ಗರಗಸವನ್ನೇ ತಿರುಗಿಸಿಡಬಹುದು, ಆದರೆ ಅದರ ರಚನೆಯೇ ಬೇರೆಯಾದುದರಿಂದ ಅನ್ಯರೊಡನೆ ಸೇರದು. ಬಾಷ್ ಸಂಸ್ಥೆಯೂ, 1899ರಲ್ಲಿ ಪ್ರಾರಂಭವಾದ ಮಾಫೆಲ್ ಸಂಸ್ಥೆಯೂ ಒಂದೇ ಬಗೆಯ ಹಳಿಯನ್ನು ಬಳಸುತ್ತವೆ. ಎರಡು ಹಳಿಗಳನ್ನು ಜೋಡಿಸುವಾಗ ಇವು ಹೆಚ್ಚು ಸುಲಭವಾಗಿ ನೇರಕ್ಕೆ ಬರುತ್ತವೆ. ಬಾಷ್‌ನ ಕೆಲವು ಸಾಮಾನ್ಯ ಚಕ್ರಗರಗಸಗಳ ಅಡಿತಟ್ಟೆಯೂ ಇದೇ ಹಳಿಗೆ ಕೂರುವುದು ನಮ್ಮವರ ಗಮನಕ್ಕೆ ಬರತಕ್ಕ ಸಂಗತಿ.

ಜೋಡಣೆಯ ಮಾತು ಸಣ್ಣದಲ್ಲ. ಶೀಟಿನ ಉದ್ದ 2440 ಮಿ.ಮೀ.; ಸಾಮಾನ್ಯವಾಗಿ ಗರಗಸದೊಡನೆ ಬರುವ 1400 ಮಿ.ಮೀ. ಹಳಿ ಅದರ ಅಡ್ಡಗಲಕ್ಕೆ ಸಾಕಾದೀತೇ ಹೊರತು ಉದ್ದಕ್ಕೆ ಸಾಲದು. ಎರಡನ್ನು ಕೂಡಿಸಿದರೆ ಜೋಡಣೆಯ ಸ್ಥಳದಲ್ಲಿ ಕಣ್ಣಿಗೆ ಕಾಣದ ಡೊಂಕು ಉಳಿದು, ಕಪಾಟಿನ ಬಾಗಿಲು ಮುಚ್ಚುವಾಗ ಅದು ಸಂದಾಗಿ ಪ್ರಕಟವಾಗಬಹುದು. ಒಂದೇ ಉದ್ದನೆಯ ಹಳಿಯನ್ನು ಕೊಂಡರೆ ಊರಿಂದೂರಿಗೆ ಸಾಗಿಸುವ ತೊಂದರೆಯುಂಟು. ಇಷ್ಟಾದರೂ ಉದ್ದ ಹಳಿಯೇ ಲೇಸೆಂದು ನನ್ನ ಅಭಿಮತ. ಸಾಗಣೆಯ ಕಷ್ಟ ಒಂದು ದಿನದ್ದು, ಓರೆಯಾದ ಬಾಗಿಲು ಮನೆಯವರಿಗೆ ವರ್ಷಾನುಗಟ್ಟಲೆಯದು.

ಪ್ಲೈವುಡ್ಡು ನಮ್ಮ ಹಳ್ಳಿಗಳಿಗೆ ಬಂದುದಕ್ಕೂ ತನ್ನದೇ ಆದ ಕಾರಣಪರಂಪರೆಯಿದೆ. ಬೆಂಗಳೂರಿನಲ್ಲಿ 1962ರಿಂದಲೇ ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದ್ದಿತಾದರೂ, ಗ್ರಾಮಾಂತರದ ಬಡಗಿಗೆ ಗಟ್ಟಿಮರವೇ ಆಧಾರವಾಗಿತ್ತು. 1996ರ ಡಿಸೆಂಬರ್ 12ರಂದು ಅರಣ್ಯರಕ್ಷಣೆಯ ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶವು ಕಾಡಿನ ಮರ ಕಡಿಯುವುದಕ್ಕೂ ಅನುಮತಿಯಿಲ್ಲದ ಸಾಮಿಲ್ಲುಗಳಿಗೂ ಕಡಿವಾಣ ಹಾಕಿದ ಮೇಲೆ ಮರದ ದಾರಿ ಕಿರಿದಾಯಿತು. ತೋಟದಲ್ಲಿ ಬೆಳೆದ ನೀಲಗಿರಿ, ಸಿಲ್ವರ್ ಓಕ್, ಇತ್ತೀಚೆಗೆ ಒಣಭೂಮಿಯ ರೈತರೂ ನೆಡುತ್ತಿರುವ ಹೆಬ್ಬೇವು ಇವುಗಳಿಂದಾದ ಶೀಟುಗಳು ಆ ಸ್ಥಾನಕ್ಕೆ ಬಂದುವು. ಮರ ಬದಲಾಯಿತು, ಆಯುಧ ಅಷ್ಟೇ ವೇಗದಲ್ಲಿ ಬದಲಾಗಲಿಲ್ಲ.

ಆ ತೆರವಿನಲ್ಲಿ ನಮ್ಮ ಬಡಗಿಗಳು ಕೈಗೆತ್ತಿಕೊಂಡುದು ಮಾರ್ಬಲ್ ಕಟರ್. ಕಲ್ಲು ಕೊಯ್ಯಲು ಮಾಡಿದ, ಅಗ್ಗವಾದ, ಹಗುರವಾದ ಈ ಯಂತ್ರಕ್ಕೆ ಮರದ ಚಕ್ರವನ್ನು ತೊಡಿಸಿ, ಅಲ್ಯೂಮಿನಿಯಮ್ ಪಟ್ಟಿಯ ಆಸರೆಯಲ್ಲಿ ನಡೆಸಿ, ಅವರು ಸಾಧಿಸಿರುವ ಕೆಲಸದ ಅಚ್ಚುಕಟ್ಟು ಶ್ಲಾಘ್ಯವೇ ಸರಿ. ಆದರೆ ಅಪಾಯವನ್ನು ಹೇಳದಿರುವುದು ಅಪರಾಧವಾದೀತು. 110 ಮಿ.ಮೀ. ಚಕ್ರವು ನಿಮಿಷಕ್ಕೆ ಸುಮಾರು 13,000 ಸುತ್ತು ತಿರುಗುವಾಗ ಅದರ ಹಲ್ಲು ಸೆಕೆಂಡಿಗೆ ಸುಮಾರು 75 ಮೀಟರ್ ವೇಗದಲ್ಲಿ ಧಾವಿಸುತ್ತದೆ. ಹಳಿಗರಗಸದ 160 ಮಿ.ಮೀ. ಚಕ್ರ 5,200 ಸುತ್ತಿನಲ್ಲಿ ಸುಮಾರು 44 ಮೀಟರನ್ನು ಮಾತ್ರ ಮುಟ್ಟುತ್ತದೆ. ಕಟರಿನಲ್ಲಿ, ಕೊಯ್ದ ಸೀಳು ಮುಚ್ಚಿಕೊಂಡು ಚಕ್ರವನ್ನು ಹಿಡಿಯದಂತೆ ತಡೆಯುವ ಹಿಂಬದಿಯ ಅಲಗಿಲ್ಲ, ತಾನಾಗಿ ಮುಚ್ಚುವ ಕವಚವೂ ಇಲ್ಲ. ಚಕ್ರ ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ ಹಾರುವುದು ಬಡಗಿಯ ಕೈಯ ಅಥವಾ ತೊಡೆಯ ಕಡೆಗೆ. ಹೊಟ್ಟಿನ ವಿಷಯವೂ ಹಾಗೆಯೇ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹಳಿಗರಗಸದ ಮುಚ್ಚಿದ ಗೂಡಿಗೆ ಧೂಳು ಹೀರುವ ಕೊಳವೆಯನ್ನು ಸಿಕ್ಕಿಸಬಹುದು. ಕಟರಿನ ಹೊಟ್ಟು ನೇರವಾಗಿ ಮುಖಕ್ಕೆ ಬರುತ್ತದೆ.

ಹಾಗಾದರೆ ಸೊಕ್ಕೆ ಹೋಬಳಿಯ ಬಡಗಿಯು ಹತ್ತಾರು ಸಾವಿರ ರೂಪಾಯಿ ಸುರಿದು ಹಳಿಗರಗಸವನ್ನೇ ಕೊಳ್ಳಬೇಕೆ? ತಿಂಗಳಿಗೆ ಹಲವು ಅಡುಗೆಮನೆಗಳ ಕೆಲಸ ಹಿಡಿಯುವವನು ಕೊಳ್ಳಲಿ, ಅದು ಸಾರ್ಥಕವಾದೀತು. ಉಳಿದವರಿಗೆ ಕವಚ ಸರಿಯಾಗಿರುವ ಏಳಿಂಚಿನ ಚಕ್ರಗರಗಸವೂ ತಾವೇ ಮಾಡಿಕೊಂಡ ಹಳಿಯೂ ಸಾಕು. 6 ಮಿ.ಮೀ. ಪ್ಲೈವುಡ್ಡಿನ ಒಂದಡಿ ಅಗಲದ, ಎಂಟಡಿ ಉದ್ದದ ಪಟ್ಟಿಯ ಮೇಲೆ, ಕಾರ್ಖಾನೆಯ ನೇರ ಅಂಚನ್ನು ಉಳಿಸಿಕೊಂಡ 12 ಮಿ.ಮೀ. ದಪ್ಪದ ಕಿರುಪಟ್ಟಿಯನ್ನು ಅಂಟುಹಾಕಿ ಸ್ಕ್ರೂ ಬಿಗಿಯಬೇಕು. ಅನಂತರ ಗರಗಸವನ್ನು ಆ ಅಂಚಿಗೆ ಒತ್ತಿ ನಡೆಸಿದರೆ, ಕೆಳಪಟ್ಟಿಯ ಹೆಚ್ಚುವರಿ ಭಾಗ ಉದುರಿ, ಕೊಯ್ತದ ಗೆರೆಯೇ ಅಂಚಾಗಿ ನಿಲ್ಲುತ್ತದೆ. ಜರ್ಮನಿಯ ಹಳಿಯ ಮೃದುಪಟ್ಟಿ ಮಾಡುವುದೂ ಇದನ್ನೇ. ಏಣಿನ ಹಿಡಿತ ಇದರಲ್ಲಿಲ್ಲ, ಆದುದರಿಂದ ಕೈ ಎಚ್ಚರವಾಗಿರಬೇಕು. ಚಕ್ರ ಬದಲಾದಾಗ ಅಂಚನ್ನು ಹೊಸದಾಗಿ ಕೊಯ್ಯಬೇಕು. ಆದರೆ ಲೆಕ್ಕದ ತೊಡಕೂ ಸಿಬಿರೂ ಬಹುಮಟ್ಟಿಗೆ ತಪ್ಪುತ್ತವೆ, ಖರ್ಚು ಒಂದು ಶೀಟಿನ ತುಣುಕಿನಷ್ಟೇ.

ಇಂತಹ ಸಾಧನಗಳನ್ನು ಕೊಳ್ಳುವುದಕ್ಕೆ ಸರ್ಕಾರದ ನೆರವೂ ಉಂಟು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಯೂ ಸೇರಿ 18 ಕಸುಬುಗಳವರಿಗೆ, ಐದರಿಂದ ಏಳು ದಿನಗಳ ಪ್ರಾಥಮಿಕ ತರಬೇತಿಯೂ 15,000 ರೂಪಾಯಿಯವರೆಗೆ ಉಪಕರಣಗಳ ನೆರವೂ ದೊರೆಯುತ್ತವೆ. ತರಬೇತಿ ಕೊಡುವವರಲ್ಲಿ ನನ್ನ ವಿನಂತಿಯೆಂದರೆ, ಆ ದಿನಗಳಲ್ಲಿ ಒಂದನ್ನು ಈ ಹಳಿಯನ್ನು ಮಾಡಿಸುವುದಕ್ಕೂ ಕಟರಿನ ಅಪಾಯವನ್ನು ತಿಳಿಸುವುದಕ್ಕೂ ಮೀಸಲಿಡಲಿ. ನೆರವಿನ ಹಣದಿಂದ ಬಡಗಿಗಳು ಮೊದಲು ಒಳ್ಳೆಯ ಚಕ್ರಗರಗಸವನ್ನೂ ಮುಖಕವಚವನ್ನೂ ಕೊಳ್ಳಲಿ.