ಬಂದ ಕ್ಯಾಮೆರಾ, ಹೋದ ಕ್ಯಾಮೆರಾ: ನೇತ್ರಾವತಿ ಸೀಮೆಯಲ್ಲಿ ಪ್ರವಾಸಿ ಛಾಯಾಗ್ರಹಣದ ಚರಿತ್ರೆ

ಪರನಾಡಿಗೆ ಹೋದವರು ಅಲ್ಲಿನ ಜನರನ್ನೂ ಬೀದಿಯ ಬದುಕನ್ನೂ ಛಾಯಾಚಿತ್ರದಲ್ಲಿ ಹಿಡಿದಿಡುವ ರೂಢಿಗೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ನರಿಕೊಂಬು, ಪಾಣೆಮಂಗಳೂರು, ಬಂಟ್ವಾಳಗಳಿಂದ ಬೆಳ್ತಂಗಡಿ, ಮೂಡುಬಿದಿರೆಗಳವರೆಗಿನ ತುಳುನಾಡಿನ ಒಳಸೀಮೆ ಈ ಚರಿತ್ರೆಯ ಎರಡು ಮುಖಗಳನ್ನೂ ಕಂಡಿದೆ. ಮೊದಲು ಹೊರದೇಶದ ಮಿಷನರಿ, ಅಧಿಕಾರಿ, ವಿದ್ವಾಂಸರು ಇಲ್ಲಿಯ ಜನರ ಚಿತ್ರ ತೆಗೆದರು. ಅನಂತರ ಕರಾವಳಿಯವರೇ ಕ್ಯಾಮೆರಾ ಹಿಡಿದು ಹೊರದೇಶಗಳಿಗೆ ಹೋದರು. ಈ ದೀರ್ಘ ಅವಧಿಯಲ್ಲಿ ಯಂತ್ರ ಬದಲಾದಂತೆ ಚಿತ್ರ ತೆಗೆಯುವವರ ಮತ್ತು ಚಿತ್ರದಲ್ಲಿರುವವರ ಸಂಬಂಧವೂ ಬದಲಾಯಿತು. ಹೆಸರಿಲ್ಲದ ‘ಮಾದರಿ’ಯಾಗಿದ್ದ ಮನುಷ್ಯ ಹೆಸರುಳ್ಳ ವ್ಯಕ್ತಿಯಾದದ್ದೇ ಇದರಲ್ಲಿ ಅತಿ ಮುಖ್ಯವಾದ ಬದಲಾವಣೆ.

ಕ್ಯಾಮೆರಾಕ್ಕೆ ಮೊದಲು

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳಗಳ ದಾರಿಯಲ್ಲಿ ಸಾಗಿದ. ಬೆಳೆ, ಗೇಣಿ, ಜಾತಿ, ಪೇಟೆಗಳ ವಿವರವನ್ನು ಊರೂರಿನಲ್ಲಿ ವಿಚಾರಿಸಿ ಬರೆದುಕೊಂಡ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಪರನಾಡಿನ ಜನಜೀವನವನ್ನು ದಾಖಲಿಸುವ ಹಂಬಲ ಕ್ಯಾಮೆರಾದಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಈ ಗ್ರಂಥ ಸಾಕ್ಷಿ. ಈಗಾಗಲೇ ಇದ್ದ ಹಂಬಲಕ್ಕೆ ಕ್ಯಾಮೆರಾ ಹೊಸ ಸಾಧನವಾಗಿ ಒದಗಿತು.

1839ರಲ್ಲಿ ಪ್ಯಾರಿಸಿನಲ್ಲಿ ಛಾಯಾಗ್ರಹಣದ ವಿಧಾನ ಬಹಿರಂಗವಾಯಿತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಈ ಆರಂಭ ಕಾಲದ ಚಿತ್ರಗಳಲ್ಲಿ ಗುಡಿ, ಗೋಪುರ, ಶಿಲ್ಪಗಳೇ ಹೆಚ್ಚು, ಮನುಷ್ಯರು ವಿರಳ. ಅದಕ್ಕೆ ತಾಂತ್ರಿಕ ಕಾರಣವಿತ್ತು. ಬೆಳಕು ಬೇಕಾದಷ್ಟು ಬೀಳಲು ಹಲವು ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತಿದ್ದವು. ನಡೆದಾಡುವವರು ಚಿತ್ರದಲ್ಲಿ ಮಸುಕಾಗುತ್ತಿದ್ದರು, ಇಲ್ಲವೇ ಕಾಣಿಸುತ್ತಲೇ ಇರಲಿಲ್ಲ. ತುಂಬಿದ ಪೇಟೆಯೂ ಫಲಕದ ಮೇಲೆ ಬರಿದಾಗಿ ಮೂಡುತ್ತಿತ್ತು.

ಮೂಡುಬಿದಿರೆ ಮತ್ತು ಗುರುವಾಯನಕೆರೆ ಜಗತ್ತಿನ ಓದುಗರ ಕಣ್ಣಿಗೆ ಬಿದ್ದದ್ದು ಇಂಥ ಕಟ್ಟಡ ಚಿತ್ರಗಳ ಮೂಲಕವೇ. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಚರಿತ್ರೆಯಲ್ಲಿ ಮೂಡುಬಿದಿರೆಯ ಬಸದಿ, ಅಲ್ಲಿನ ಜೈನ ಸಮಾಧಿ, ಗುರುವಾಯನಕೆರೆಯ ಮಂಟಪ ಮತ್ತು ಸ್ತಂಭಗಳ ಚಿತ್ರಗಳಿವೆ. ಅವು ಛಾಯಾಚಿತ್ರಗಳನ್ನು ನೋಡಿ ಮರದ ಅಚ್ಚಿನಲ್ಲಿ ಕೊರೆದವು. ಇಳಿಜಾರಾದ ಮಾಡುಗಳ ಈ ಬಸದಿಗಳು ನೇಪಾಳದ ಕಟ್ಟಡಗಳನ್ನು ಹೋಲುತ್ತವೆ ಎಂಬ ಅವನ ಪ್ರಸಿದ್ಧ ವಾದಕ್ಕೆ ಆಧಾರವಾದದ್ದೂ ಇಂಥ ಚಿತ್ರಗಳೇ. ಆದರೆ ಬಸದಿಯ ಅಂಗಳದಲ್ಲಿ ಓಡಾಡುತ್ತಿದ್ದ ಜನರ ಬದುಕು ಆ ಗ್ರಂಥದ ವಿಷಯವಾಗಿರಲಿಲ್ಲ.

ಮಿಷನ್ನಿನ ಚಿತ್ರಗಳು

ಕರಾವಳಿಯ ಸಾಮಾನ್ಯ ಜನರನ್ನು ವ್ಯಾಪಕವಾಗಿ ಚಿತ್ರಿಸಿದ ಮೊದಲ ವಿದೇಶಿಯರೆಂದರೆ ಬಾಸೆಲ್ ಮಿಷನ್ನಿನವರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಈ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಮುದ್ರಣಾಲಯ, ಶಾಲೆ, ನೇಯ್ಗೆಯ ಕಾರ್ಖಾನೆಗಳು ಒಂದೊಂದಾಗಿ ಎದ್ದವು. 1865ರಲ್ಲಿ ಪ್ಲೆಬ್‌ಸ್ಟ್‌ನ ಉಸ್ತುವಾರಿಯಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೆಲಸಗಳೆಲ್ಲ ಛಾಯಾಚಿತ್ರಗಳಾಗಿ ಬಾಸೆಲ್ಲಿಗೆ ತಲುಪತೊಡಗಿದವು.

ಚಿತ್ರಗಳ ಉದ್ದೇಶ ಸ್ಪಷ್ಟವಾಗಿತ್ತು. ಮಿಷನ್ ನಡೆಯುತ್ತಿದ್ದದ್ದು ತಾಯ್ನಾಡಿನ ಸಭೆಗಳವರು ಕೊಡುತ್ತಿದ್ದ ವಂತಿಗೆಯಿಂದ. ದೂರದ ನಾಡಿನಲ್ಲಿ ಕೆಲಸ ಹೇಗೆ ಸಾಗಿದೆ ಎಂದು ಅವರಿಗೆ ತೋರಿಸಬೇಕಿತ್ತು. ಮಿಷನ್ನಿನ ಪತ್ರಿಕೆಗಳು ಛಾಯಾಚಿತ್ರಗಳನ್ನು ಆಧರಿಸಿದ ಅಚ್ಚುಚಿತ್ರಗಳನ್ನು ಪ್ರಕಟಿಸುತ್ತಿದ್ದವು. ಶಾಲೆಯ ಮಕ್ಕಳು ಸಾಲಾಗಿ ಕುಳಿತದ್ದು, ಹಂಚಿನ ಕಾರ್ಖಾನೆಯ ಕೆಲಸಗಾರರು, ಮಗ್ಗದ ಮುಂದಿನ ನೇಕಾರರು, ಮನೆಯೆದುರು ನಿಂತ ಕುಟುಂಬಗಳು ಈ ಸಂಗ್ರಹದಲ್ಲಿ ಮತ್ತೆ ಮತ್ತೆ ಕಾಣಸಿಗುತ್ತವೆ. ಉಪದೇಶಿಗಳ, ಶಿಕ್ಷಕರ ಹೆಸರು ದಾಖಲಾಗುವುದುಂಟು. ಕೂಲಿಯವರೂ ದಾರಿಹೋಕರೂ ಹೆಚ್ಚಾಗಿ ಜಾತಿ ಅಥವಾ ಕಸುಬಿನ ಹೆಸರಿನಿಂದಷ್ಟೇ ಗುರುತಾಗುತ್ತಾರೆ.

ಆದರೂ ಈ ಚಿತ್ರಗಳ ಬೆಲೆ ದೊಡ್ಡದು. ಮಿಷನರಿಗಳು ದಾಟಿಹೋಗುವ ಪ್ರವಾಸಿಗಳಾಗಿರಲಿಲ್ಲ. ವರ್ಷಗಟ್ಟಲೆ ಇಲ್ಲಿ ನೆಲೆಸಿ ತುಳು, ಕನ್ನಡ ಕಲಿತವರು. 1886ರಲ್ಲಿ ತುಳು ನಿಘಂಟನ್ನು ಹೊರತಂದ ಮೆನ್ನರ್ ತುಳುವಿನ ಜನಪದ ಕಥನಗೀತೆಗಳಾದ ಪಾಡ್ದನಗಳನ್ನೂ ಸಂಗ್ರಹಿಸಿದವನು. ಭಾಷೆ ಬಲ್ಲವರ ಎದುರು ಜನ ನಿಂತ ರೀತಿಯೇ ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿ ಹೊರಗೆ ಕಳುಹಿಸಿದಾಗ ಈ ಚಿತ್ರಧಾರೆಗೆ ತಡೆಬಿತ್ತು. ಹತ್ತಾರು ಸಾವಿರ ಚಿತ್ರಗಳ ಆ ಭಂಡಾರವನ್ನು ಇಂದು ಬಾಸೆಲ್ಲಿನಲ್ಲಿ ‘ಮಿಷನ್ 21’ ಕಾಪಾಡಿಕೊಂಡಿದೆ. ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದಿರುವುದರಿಂದ ಕರಾವಳಿಯ ಸಂಶೋಧಕರು ಅವನ್ನು ಊರಿನಲ್ಲೇ ಕುಳಿತು ನೋಡಬಹುದು.

ಮಾದರಿಯಾದ ಮನುಷ್ಯ

ಇದೇ ಕಾಲದಲ್ಲಿ ವಸಾಹತು ಆಡಳಿತಕ್ಕೆ ಬೇರೊಂದು ಬಗೆಯ ಚಿತ್ರ ಬೇಕಾಯಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದ ಪೀಪಲ್ ಆಫ್ ಇಂಡಿಯಾ’ ಭಾರತದ ಜನರನ್ನು ಜಾತಿ, ಬುಡಕಟ್ಟುಗಳ ನಮೂನೆಗಳಾಗಿ ಜೋಡಿಸಿತು. ದಕ್ಷಿಣದಲ್ಲಿ ಮದರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ, 1909ರಲ್ಲಿ ಏಳು ಸಂಪುಟಗಳ ಜಾತಿ-ಬುಡಕಟ್ಟು ಕೋಶವನ್ನು ಪ್ರಕಟಿಸಿದ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಬಂಟ, ಬಿಲ್ಲವ, ಕೊರಗ, ನಲಿಕೆ, ಪರವ, ಪಂಬದ ಸಮುದಾಯಗಳ ವಿವರ ಅದರಲ್ಲಿ ಸೇರಿತು.

ಥರ್ಸ್ಟನ್ನನ ಬಳಿ ಕ್ಯಾಮೆರಾದ ಜೊತೆ ತಲೆ, ಮೂಗುಗಳ ಅಳತೆಯ ಉಪಕರಣಗಳೂ ಇದ್ದವು. ಜನರಿಗೆ ಅವು ಭಯ ತಂದವು. ವಯನಾಡಿನ ಪಣಿಯ ಹೆಂಗಸರು ತಮ್ಮ ದೇಹಕ್ಕೆ ಹೊಟ್ಟು ತುಂಬಿ ಮದರಾಸಿನ ಸಂಗ್ರಹಾಲಯದಲ್ಲಿ ಇಡುತ್ತಾರೆಂದು ಹೆದರಿ ಓಡಿದ ಸಂಗತಿಯನ್ನು ಅವನೇ ಬರೆದಿದ್ದಾನೆ. ಆ ಭಯದಲ್ಲಿ ನ್ಯಾಯವಿತ್ತು. ಈ ಬಗೆಯ ಚಿತ್ರದಲ್ಲಿ ನಿಂತವನು ಯಾರ ಮಗ, ಯಾವ ಊರಿನವನು ಎಂಬುದು ಯಾರಿಗೂ ಬೇಕಿರಲಿಲ್ಲ. ದೈವಾರಾಧನೆಯ ನೇಮದ ರಾತ್ರಿ ಗುತ್ತಿನ ಮನೆತನದವರೂ ಕೈಮುಗಿದು ಮಾತು ಕೇಳುವ ದೈವ ನರ್ತಕ, ಗ್ರಂಥದ ಹಾಳೆಯಲ್ಲಿ ಒಂದು ಜಾತಿಯ ನಮೂನೆಯಾಗಿಬಿಟ್ಟ.

ಕೈಗೆ ಬಂದ ಕ್ಯಾಮೆರಾ

ಬೀದಿಯ ಬದುಕನ್ನೇ ವಿಷಯವಾಗಿಸಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ ಮೊದಲಿಗರ ಸಾಲಿನವನು. ಏಷ್ಯಾದಲ್ಲಿ ಹತ್ತು ವರ್ಷ ಸುತ್ತಿ ಚೀನಾದ ಜನರ ಚಿತ್ರ ಸಂಪುಟಗಳನ್ನು ತಂದವನು, ಮರಳಿದ ಮೇಲೆ 1877ರಲ್ಲಿ ಲಂಡನ್ ಬೀದಿಗಳ ಬಡಜನರನ್ನು ಚಿತ್ರಿಸಿದ. 1870ರ ದಶಕದಲ್ಲಿ ಬಂದ ಒಣ ಫಲಕಗಳು, 1888ರ ಕೊಡಕ್, 1925ರ ಲೈಕಾ ಇವು ಒಂದೊಂದೂ ಪ್ರವಾಸಿಯ ಹೊರೆ ಇಳಿಸಿದವು. ಕಾರಣ ಸರಳ: ಅದಕ್ಕೆ ಮೊದಲಿನ ಹಸಿ ಫಲಕವನ್ನು ಆರುವುದರೊಳಗೆ ಸ್ಥಳದಲ್ಲೇ ತೊಳೆಯಬೇಕಿತ್ತು; ಕತ್ತಲೆಯ ಡೇರೆ, ಔಷಧಿಯ ಸೀಸೆಗಳು, ಹೊರುವ ಆಳುಗಳು ಜೊತೆಗಿರಬೇಕಿತ್ತು. ಒಣ ಫಲಕ ಮತ್ತು ಫಿಲ್ಮು ಬಂದಾಗ ತೊಳೆಯುವ ಕೆಲಸ ಊರಿಗೆ ಮರಳಿದ ಮೇಲೂ ನಡೆಯುವಂತಾಯಿತು.

ಇದರಿಂದ ಬೀದಿಯ ಚಿತ್ರಕ್ಕೆ ಚಲನೆ ಬಂತು. ಹಾಗೆಯೇ ಎದುರಿದ್ದವರಿಗೆ ಅರಿವಾಗುವ ಮೊದಲೇ ಚಿತ್ರ ತೆಗೆಯುವುದೂ ಸಾಧ್ಯವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಭಾರತಕ್ಕೆ ಬಂದ ಹೆನ್ರಿ ಕಾರ್ಟಿಯರ್ ಬ್ರೆಸಾನ್ ಲೈಕಾ ಕ್ಯಾಮೆರಾದಿಂದ ತೆಗೆದ ಚಿತ್ರಗಳು ಈ ಶೈಲಿಯ ಶಿಖರ. 1948ರ ಜನವರಿ 30ರಂದು ಗಾಂಧೀಜಿಯವರ ಕೊನೆಯ ಗಂಟೆಗಳಲ್ಲಿ ಆತ ಅವರನ್ನು ಕಂಡಿದ್ದ.

ಬೆಳ್ತಂಗಡಿಯ ಸಿರಿ ಮತ್ತು ಹೆಸರಿನ ಮರಳಿಕೆ

1960ರ ದಶಕದ ಕೊನೆಯಿಂದ ತುಳುನಾಡಿಗೆ ಬಂದ ವಿದ್ವಾಂಸರ ರೀತಿ ಬೇರೆಯಾಗಿತ್ತು. ಅಮೆರಿಕದ ಪೀಟರ್ ಕ್ಲಾಸ್ ಸಿರಿ ಆಚರಣೆಯನ್ನೂ ದೈವಾರಾಧನೆಯನ್ನೂ ಹಲವು ವರ್ಷ ಅಧ್ಯಯನ ಮಾಡಿದರು. ಜರ್ಮನಿಯ ಹೈಡ್ರೂನ್ ಬ್ರೂಕ್ನರ್ ಪಾಡ್ದನಗಳನ್ನೂ ನೇಮಗಳನ್ನೂ ದಾಖಲಿಸಿದರು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಕಟ್ಟಿದ ಜನಪದ ರಂಗಕಲೆಗಳ ಕೇಂದ್ರ ಹೊರಗಿನ ವಿದ್ವಾಂಸರಿಗೂ ಊರಿನ ಕಲಾವಿದರಿಗೂ ಸೇತುವೆಯಾಯಿತು.

ಈ ಬೆಳವಣಿಗೆಯ ಮಹತ್ವದ ಘಟ್ಟ ಬೆಳ್ತಂಗಡಿ ತಾಲೂಕಿನಲ್ಲಿ ನಡೆಯಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಅನ್ನೆಲಿ ಹಾಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ತಂಡ ಮಾಚಾರು ಗೋಪಾಲ ನಾಯ್ಕರು ಹಾಡಿದ, ಸಿರಿ ಎಂಬ ತುಳು ಮೌಖಿಕ ಮಹಾಕಾವ್ಯವನ್ನು ಧ್ವನಿ ಮತ್ತು ವಿಡಿಯೊಗಳಲ್ಲಿ ದಾಖಲಿಸಿತು. ಹಾಡುಗಾರಿಕೆ ಆರು ದಿನ ನಡೆಯಿತು. ಪಠ್ಯ 15,683 ಸಾಲುಗಳಷ್ಟಾಯಿತು. 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದಾಗ ಗ್ರಂಥದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿತ್ತು. ಥರ್ಸ್ಟನ್ನನ ಸಂಪುಟಗಳಿಂದ ಈ ಗ್ರಂಥದವರೆಗಿನ ಎಂಬತ್ತೊಂಬತ್ತು ವರ್ಷಗಳಲ್ಲಿ ಆದ ಬದಲಾವಣೆ ಈ ಒಂದು ಶೀರ್ಷಿಕೆಯಲ್ಲಿ ಕಾಣುತ್ತದೆ. ನೆಲದ ವಿದ್ವಾಂಸರು ಸಹಭಾಗಿಗಳಾದದ್ದು, ಭಾಷೆಗೆ ಆದ್ಯತೆ ಸಿಕ್ಕಿದ್ದು, ಅವಸರವಿಲ್ಲದ ಒಡನಾಟ ಇದಕ್ಕೆ ಕಾರಣಗಳು.

ಊರಿನಿಂದ ಹೋದ ಕ್ಯಾಮೆರಾ

ಕನ್ನಡಿಗರ ಪ್ರವಾಸ ಸಾಹಿತ್ಯದ ಜೊತೆಯಲ್ಲಿ ಅವರ ಪ್ರವಾಸಿ ಛಾಯಾಗ್ರಹಣವೂ ಬೆಳೆಯಿತು. ಬಂಟ್ವಾಳಕ್ಕೆ ನೆರೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1930ರಲ್ಲೇ ‘ಡೊಮಿಂಗೊ’ ಮೂಕಿಚಿತ್ರ ಮಾಡಿ ಕ್ಯಾಮೆರಾದ ಪಳಗಿಕೆ ಪಡೆದಿದ್ದರು. ಯುರೋಪಿನ ಪ್ರವಾಸವನ್ನು ‘ಅಪೂರ್ವ ಪಶ್ಚಿಮ’ದಲ್ಲಿ ಬರೆದರು. 1934ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ಕೀಟವಿಜ್ಞಾನದ ಅಧ್ಯಯನಕ್ಕೆ ಅಮೆರಿಕಕ್ಕೆ ಹೋಗಿ, ಆ ಅನುಭವವನ್ನು ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂಬ ಕೃತಿಯಾಗಿಸಿದರು. ಬರಹಗಾರ, ಛಾಯಾಗ್ರಾಹಕ, ಚಿತ್ರಕಾರ ಮೂವರೂ ಅವರೊಬ್ಬರಲ್ಲೇ ಇದ್ದರು. ಜನರ ಉಡುಗೆ, ಹಚ್ಚೆ, ಕಸುಬುಗಳನ್ನು ಅವರು ಮುಂದೆಯೂ ಆಸಕ್ತಿಯಿಂದ ಚಿತ್ರಿಸುತ್ತ ಹೋದರು.

1970ರ ದಶಕದ ತೈಲ ಬೆಲೆಯ ಏರಿಕೆಯ ಬಳಿಕ ಕರಾವಳಿಯ ಹಳ್ಳಿಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಹೆಚ್ಚಿದರು. ಊರಿಗೆ ಬರುವಾಗ ತಂದ ಸಾಮಾನಿನಲ್ಲಿ ಕ್ಯಾಮೆರಾವೂ ಇರುತ್ತಿತ್ತು. ಅಂಗಡಿ ಸಾಲು, ಕೆಲಸದ ಜಾಗ, ಒಂದೇ ಕೋಣೆಯ ಜೊತೆಗಾರರ ಫೋಟೊಗಳು ಕಾಗದದೊಡನೆ ಮನೆ ತಲುಪುತ್ತಿದ್ದವು. ವಿದ್ವಾಂಸರ ಗ್ರಂಥಗಳಿಗೆ ಸೇರದ ಈ ಆಲ್ಬಮ್‌ಗಳು ವಲಸೆಯ ಚರಿತ್ರೆಗೆ ಮುಖ್ಯ ಆಕರಗಳು.

ಒಪ್ಪಿಗೆಯ ಪ್ರಶ್ನೆ

ಪರದೇಶದ ಬೀದಿಯಲ್ಲಿ ಚಿತ್ರ ತೆಗೆಯುವುದಕ್ಕೆ ಎಲ್ಲೆಡೆ ಒಂದೇ ನಿಯಮವಿಲ್ಲ. 1898ರಲ್ಲಿ ಬಿಸ್ಮಾರ್ಕ್‌ನ ಶವದ ಚಿತ್ರವನ್ನು ಇಬ್ಬರು ಛಾಯಾಗ್ರಾಹಕರು ಕದ್ದು ತೆಗೆದ ಪ್ರಕರಣದ ಬಳಿಕ ಜರ್ಮನಿಯಲ್ಲಿ ಚರ್ಚೆ ಎದ್ದು, 1907ರಲ್ಲಿ ವ್ಯಕ್ತಿಯ ಚಿತ್ರ ಪ್ರಕಟಿಸಲು ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕೆಂಬ ಕಾನೂನು ಬಂತು. ಅಮೆರಿಕದಲ್ಲಿ ಸಾರ್ವಜನಿಕ ಸ್ಥಳದ ಚಿತ್ರಣಕ್ಕೆ ಹೆಚ್ಚಿನ ಸ್ವಾತಂತ್ರ್ಯವಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಒಪ್ಪಿಗೆಯಿಲ್ಲದೆ ಚಿತ್ರ ತೆಗೆದು ಖಾಸಗಿತನಕ್ಕೆ ಧಕ್ಕೆ ತರುವುದು ಶಿಕ್ಷಾರ್ಹ. ಭಾರತದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ತುಳುನಾಡಿನಲ್ಲಿ ಈ ಪ್ರಶ್ನೆಗೆ ಕಾನೂನಿನಾಚೆಯ ಆಯಾಮವೂ ಇದೆ. ನೇಮ, ಕೋಲಗಳ ಚಿತ್ರಗಳು ಮೊಬೈಲಿನಲ್ಲಿ ಹರಿದಾಡತೊಡಗಿದ ಮೇಲೆ ಹಲವು ದೈವಸ್ಥಾನಗಳು ಫೋಟೊ, ವಿಡಿಯೊ ತೆಗೆಯಬಾರದೆಂದು ಫಲಕ ಹಾಕಿವೆ. ಬಣ್ಣ ಹಚ್ಚಿ, ಅಣಿ ಕಟ್ಟಿ ದೈವ ಮೈದುಂಬುವ ಹೊತ್ತು ನಂಬಿದವರಿಗೆ ಆರಾಧನೆ. ಅಲ್ಲಿ ಒಪ್ಪಿಗೆ ಕೊಡಬೇಕಾದವರು ನರ್ತಕರೊಬ್ಬರೇ ಅಲ್ಲ. ಕುಟುಂಬ, ಗುತ್ತು, ಗ್ರಾಮ ಎಲ್ಲವೂ ಸೇರುತ್ತವೆ.

ಹಳೆಯ ಚಿತ್ರಗಳ ವಿಷಯದಲ್ಲಿಯೂ ಮಾಡಬೇಕಾದ ಕೆಲಸವಿದೆ. ಬಾಸೆಲ್ ಸಂಗ್ರಹದ ಹೆಸರಿಲ್ಲದ ಮುಖಗಳನ್ನು ಗುರುತಿಸಲು ಊರಿನ ಹಿರಿಯರ ನೆನಪು, ಸಭೆಗಳ ದಾಖಲೆ, ಮನೆಗಳ ಆಲ್ಬಮ್‌ಗಳು ನೆರವಾಗಬಲ್ಲವು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆಗಳೂ ಬಂಟ್ವಾಳದ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಜನಜೀವನ ಸಂಗ್ರಹವೂ ಇಂಥ ಹೋಲಿಕೆಗೆ ಹತ್ತಿರದಲ್ಲೇ ಇರುವ ನೆಲೆಗಳು. ಚಿತ್ರದ ಕೆಳಗೆ ಹೆಸರು, ಊರು, ಕಾಲ ಸೇರಿದಾಗ ಅದು ಪ್ರವಾಸಿಯ ನೆನಪಿನ ವಸ್ತುವಾಗಿ ಉಳಿಯದೆ, ಚಿತ್ರದಲ್ಲಿರುವ ಜನರ ಚರಿತ್ರೆಗೂ ಆಧಾರವಾಗುತ್ತದೆ.